ಬೇರೆ ಗ್ರಹದ ಒಳ್ಳೆಯ ಸಮಾಜಗಳು: ಯಾವ ಕಾದಂಬರಿ ಮೊದಲು ಓದಬೇಕು?

ಬೇರೆ ಗ್ರಹಕ್ಕೆ ಹೋಗಿ ಮನುಷ್ಯರು ಹೊಸದಾಗಿ ಒಂದು ಒಳ್ಳೆಯ ಸಮಾಜ ಕಟ್ಟಿದರೆ ಅದು ಹೇಗಿರುತ್ತದೆ? ಇದನ್ನೇ ಹಿಡಿದು ಬರೆದ ವೈಜ್ಞಾನಿಕ ಕಾದಂಬರಿಗಳು ಬೇಕಾದಷ್ಟಿವೆ. ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ತೊಂದರೆ. ಒಂದು ಸುಮಾರು ನೂರರವತ್ತು ಪುಟದ್ದು, ರಜೆಯ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಇನ್ನೊಂದು ಮೂರು ಸಂಪುಟ, ಸಾವಿರದೈನೂರು ಪುಟಕ್ಕೂ ಜಾಸ್ತಿ. ಮೊದಲೇ ತಮಗೆ ಒಗ್ಗದ ಪುಸ್ತಕ ಹಿಡಿದವರು ಐವತ್ತು ಪುಟಕ್ಕೆ ಬೇಸತ್ತು, ಈ ಬಗೆಯ ಬರಹವೇ ಬೇಡ ಅಂತ ಕೈ ಮುಗಿದದ್ದನ್ನು ನೋಡಿದ್ದೇನೆ. ಹಾಗಾಗಬಾರದು. ಇವು ನಿಜಕ್ಕೂ ಓದಬೇಕಾದ ಪುಸ್ತಕಗಳು.

ಹುಬ್ಬಳ್ಳಿ-ಧಾರವಾಡದ ಕಾಲೇಜು ಹುಡುಗ ಹುಡುಗಿಯರು ನನ್ನನ್ನು ಕೇಳುವುದೂ ಇದನ್ನೇ, ಅಕ್ಕಾ, ಯಾವುದು ಮೊದಲು? ಆರು ಆಯ್ಕೆಗಳನ್ನು ಇಲ್ಲಿ ಎದುರು ಬದುರು ಇಡುತ್ತೇನೆ. ಎಲ್ಲವನ್ನೂ ಒಂದೇ ಅಳತೆಯಲ್ಲಿ ಹೊಗಳುವುದಿಲ್ಲ, ನನಗೆ ಹೆಚ್ಚು ಇಷ್ಟವಾದದ್ದರ ಬಗ್ಗೆ ಹೆಚ್ಚು ಬರೆಯುತ್ತೇನೆ.

ಅಳೆಯುವುದು ಹೇಗೆ? ನನ್ನ ಹತ್ತಿರ ಎರಡು ಪ್ರಶ್ನೆ ಇವೆ. ಮೊದಲನೆಯದು ನನ್ನದಲ್ಲ, ನಮ್ಮ ಅತ್ತಿಯದು. ಈ ಕಥೆಗಳಲ್ಲಿ ಒಂದನ್ನು ಅವರಿಗೆ ಹೇಳುತ್ತಿದ್ದೆ, ಅವರು ನಡುವೆಯೇ ತಡೆದು ಕೇಳಿದರು: "ಅಲ್ಲ ತಂಗಿ, ಎಲ್ಲಾರೂ ಸಮ ಅಂತಿ, ರೊಕ್ಕಾನ ಇಲ್ಲ ಅಂತಿ. ಹಂಗಾದ್ರ ಅಲ್ಲೆ ಗಟಾರ ಯಾರು ಬಳೀತಾರ?" ಇದಕ್ಕಿಂತ ಒಳ್ಳೆಯ ಪ್ರಶ್ನೆ ನಾನು ಯಾವ ವಿಮರ್ಶೆಯಲ್ಲೂ ಓದಿಲ್ಲ. ಬೆಳಕು ಹರಿಯುವ ಮೊದಲೇ ಕೊಪ್ಪೀಕರ ರಸ್ತೆ ಗುಡಿಸುವ ಪೌರಕಾರ್ಮಿಕರನ್ನು ನೋಡಿದ ಯಾರಿಗಾದರೂ ಇದು ಹೊಳೆಯಬೇಕು. ಎಲ್ಲರೂ ಸುಖವಾಗಿದ್ದಾರೆ ಅಂತ ಬರೆಯುವುದು ಸುಲಭ, ಹೊಲಸು ಕೆಲಸ ಯಾರ ಪಾಲಿಗೆ ಬಿತ್ತು ಅನ್ನುವುದನ್ನು ಲೇಖಕರು ಬಚ್ಚಿಟ್ಟರೆ ಆ ಸಮಾಜವನ್ನು ನಾನು ನಂಬುವುದಿಲ್ಲ. ಎರಡನೆಯ ಪ್ರಶ್ನೆ ನಾನು ಸೇರಿಸಿಕೊಂಡದ್ದು: ಅಲ್ಲಿ ಒಬ್ಬರು "ನಾನು ಒಪ್ಪುವುದಿಲ್ಲ" ಅಂದರೆ ಅವರನ್ನು ಏನು ಮಾಡುತ್ತಾರೆ? ಈ ಎರಡಕ್ಕೂ ನೇರ ಉತ್ತರ ಕೊಡುವ ಪುಸ್ತಕವೇ ಮೇಲು.

ಅನಾರೆಸ್: ಬಡವರ ಗ್ರಹ

ಅರ್ಸುಲಾ ಲೆ ಗ್ವಿನ್ ಬರೆದ 'ದಿ ಡಿಸ್ಪೊಸೆಸ್ಡ್' 1974ರದ್ದು. ಹ್ಯೂಗೋ, ನೆಬ್ಯುಲಾ ಎರಡೂ ಪ್ರಶಸ್ತಿ ಅದಕ್ಕೆ ಬಂದವು. ಊರಸ್ ಅನ್ನುವುದು ನೀರು, ಹಸಿರು, ಸಿರಿತನ ಎಲ್ಲ ಇರುವ ಗ್ರಹ. ಅದರ ಜೋಡಿ ಅನಾರೆಸ್, ಧೂಳೇಳುವ ಒಣ ನೆಲ. ಇವರಿಗೆ ಅದು ಚಂದ್ರ, ಅವರಿಗೆ ಇದು ಚಂದ್ರ. ಓಡೊ ಎಂಬ ಹೆಣ್ಣುಮಗಳ ವಿಚಾರ ನಂಬಿ ಊರಸ್‌ನಲ್ಲಿ ಬಂಡೆದ್ದ ಜನರಿಗೆ ಆಳುವವರು ಆ ಚಂದ್ರನನ್ನೇ ಬಿಟ್ಟುಕೊಟ್ಟು ಸಾಗಹಾಕಿದರು. ಕಥೆಯ ಹೊತ್ತಿಗೆ ಅವರು ಅಲ್ಲಿ ನೆಲೆಸಿ ಸುಮಾರು 170 ವರ್ಷ. ಅನಾರೆಸ್‌ನಲ್ಲಿ ಸರ್ಕಾರ ಇಲ್ಲ, ಪೊಲೀಸ್ ಇಲ್ಲ, ಜೈಲು ಇಲ್ಲ, ದುಡ್ಡು ಇಲ್ಲ. ಊಟ ಎಲ್ಲರಿಗೂ ಸೇರಿದ ಊಟದ ಮನೆಯಲ್ಲಿ. ಬಟ್ಟೆ ಬೇಕಾದರೆ ಉಗ್ರಾಣದಿಂದ ತರಬೇಕು. ಶೆವೆಕ್ ಎಂಬ ಭೌತವಿಜ್ಞಾನಿ ಅಲ್ಲಿ ಹುಟ್ಟಿ ಬೆಳೆದವನು, ಮೊದಲ ಬಾರಿಗೆ ಊರಸ್‌ಗೆ ಹೋಗುತ್ತಾನೆ. ಒಂದು ಅಧ್ಯಾಯ ಇಲ್ಲಿ, ಒಂದು ಅಧ್ಯಾಯ ಅಲ್ಲಿ, ಹೀಗೆ ಕಥೆ ಸಾಗುತ್ತದೆ.

ಅತ್ತಿಯ ಪ್ರಶ್ನೆಗೆ ಈ ಪುಸ್ತಕದಲ್ಲಿ ಸೀದಾ ಉತ್ತರ ಇದೆ. ಊರಸ್‌ನ ಒಬ್ಬ ವಿದ್ವಾಂಸ ಶೆವೆಕ್‌ನನ್ನು ಹೆಚ್ಚುಕಡಿಮೆ ಅದನ್ನೇ ಕೇಳುತ್ತಾನೆ. ಹತ್ತು ದಿನಕ್ಕೆ ಒಂದು ದಿನ ಪ್ರತಿಯೊಬ್ಬರೂ ಸರದಿಯ ಮೇಲೆ ಇಂಥ ಕೆಲಸಕ್ಕೆ ಹೋಗುತ್ತಾರೆ. ಪಾದರಸದ ಗಣಿಯಂಥ ಅಪಾಯದ ಕೆಲಸ ಇದ್ದರೆ ಸಾಮಾನ್ಯವಾಗಿ ಅರ್ಧ ವರ್ಷಕ್ಕಿಂತ ಜಾಸ್ತಿ ಯಾರನ್ನೂ ಅಲ್ಲಿ ಇಡುವುದಿಲ್ಲ. ಬರಲ್ಲ ಅನ್ನಬಹುದು, ಯಾರೂ ಶಿಕ್ಷೆ ಕೊಡುವುದಿಲ್ಲ, ಆದರೆ ಜೊತೆಯವರ ಮುಖ ನೋಡಬೇಕಲ್ಲ. ಹುಬ್ಬಳ್ಳಿಯ ಸಿದ್ಧಾರೂಢ ಮಠದ ದಾಸೋಹದಲ್ಲಿ ಭಕ್ತರು ತಾವಾಗಿ ಸೇವೆಗೆ ನಿಲ್ಲುತ್ತಾರಲ್ಲ, ಆ ಮನಸ್ಸು ವರ್ಷದ ಅಷ್ಟೂ ದಿನ, ಇಡೀ ಊರಿನ ಎಲ್ಲ ಕೆಲಸಕ್ಕೂ ಬೇಕು ಅಂದರೆ ಎಷ್ಟು ಕಷ್ಟ ಅಂತ ಲೆ ಗ್ವಿನ್‌ಗೆ ಚೆನ್ನಾಗಿ ಗೊತ್ತು. ಅದಕ್ಕೇ ಈ ಕಾದಂಬರಿ ಪ್ರಚಾರದ ಬರಹ ಆಗಿಲ್ಲ.

ಒಪ್ಪದವರ ಪ್ರಶ್ನೆಗೆ ಬಂದರೆ ಅನಾರೆಸ್‌ನ ಮುಖ ಬಾಡುತ್ತದೆ. ಕಾನೂನಿಲ್ಲ, ಸರಿ. ಆದರೆ ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೋ ಅನ್ನುವ ಭಯ ಕಾನೂನಿಗಿಂತ ಗಟ್ಟಿಯಾಗಿ ಕೂತಿದೆ. ಶೆವೆಕ್ ಕೆಲಸ ಮಾಡುವ ಸಂಸ್ಥೆಯಲ್ಲಿ ಸಾಬುಲ್ ಅಂತ ಒಬ್ಬ ಹಿರಿಯ ಇದ್ದಾನೆ. ಅವನಿಗೆ ಹುದ್ದೆಯ ಅಧಿಕಾರ ಏನೂ ಇಲ್ಲ. ಆದರೂ ಪುಸ್ತಕ ಅಚ್ಚಾಗಬೇಕಾದರೆ ಅವನ ಹೆಸರೂ ಲೇಖಕ ಅಂತ ಸೇರಬೇಕು! ಯಾವ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಿಗೂ ಇಂಥವರ ಪರಿಚಯ ಇರುತ್ತದೆ. ಶೆವೆಕ್‌ನ ಗೆಳೆಯ ಟಿರಿನ್ ಒಂದು ನಾಟಕ ಬರೆದ ತಪ್ಪಿಗೆ ಜನರ ಕಣ್ಣಲ್ಲಿ ಕೆಟ್ಟವನಾಗಿ ಕೊನೆಗೆ ಮಾನಸಿಕ ಚಿಕಿತ್ಸೆಯ ದ್ವೀಪ ಸೇರುತ್ತಾನೆ. ಕಟುಕರು ಯಾರೂ ಇಲ್ಲ, ಆದರೂ ಒಬ್ಬ ಮನುಷ್ಯ ಮುರಿದುಹೋಗುತ್ತಾನೆ.

ಒಂದು ದೃಶ್ಯವನ್ನು ಇಲ್ಲಿ ಹೇಳಲೇಬೇಕು. ಜೈಲು ಅಂದರೆ ಏನೆಂದೇ ಕಂಡಿರದ ಮಕ್ಕಳು. ಊರಸ್‌ನಲ್ಲಿ ಅಂಥದ್ದು ಇತ್ತು ಅಂತ ಕೇಳಿ, ಆಟಕ್ಕೆ ತಾವೂ ಒಂದು ಜೈಲು ಮಾಡುತ್ತಾರೆ. ಕಟ್ಟಡದ ಅಡಿಯಲ್ಲಿ ಒಂದು ಸಣ್ಣ ಕತ್ತಲ ಜಾಗ ಹುಡುಕಿ, ಒಬ್ಬ ಹುಡುಗನನ್ನು ಅವನ ಒಪ್ಪಿಗೆಯ ಮೇಲೇ ಒಳಗೆ ಹಾಕಿ ಮುಚ್ಚುತ್ತಾರೆ. ಮೊದಲು ನಗು. ಆಮೇಲೆ ಎಷ್ಟು ಹೊತ್ತು ಬಿಡಬೇಕು ಅನ್ನುವುದು ಹೊರಗಿದ್ದವರ ಕೈಯಲ್ಲಿದೆ ಅನ್ನುವುದೇ ಅವರಿಗೆ ರುಚಿಸತೊಡಗುತ್ತದೆ. ಬಹಳ ಹೊತ್ತಿನ ನಂತರ ತೆಗೆದರೆ ಆ ಹುಡುಗ ಬಟ್ಟೆಯಲ್ಲೇ ಎಲ್ಲ ಮಾಡಿಕೊಂಡಿರುತ್ತಾನೆ. ಆ ರಾತ್ರಿ ಶೆವೆಕ್ ವಾಂತಿ ಮಾಡಿಕೊಳ್ಳುತ್ತಾನೆ. ಕೆಲವೇ ಪುಟ. ಜೈಲನ್ನು ತೆಗೆದುಹಾಕಿದ ಸಮಾಜದಲ್ಲೂ ಜೈಲರ್ ಆಗುವ ಆಸೆ ಮಕ್ಕಳಲ್ಲಿ ಹುಟ್ಟುವುದನ್ನು ಇಷ್ಟು ನಿಚ್ಚಳವಾಗಿ ಬೇರೆ ಯಾರೂ ತೋರಿಸಿಲ್ಲ.

ಇನ್ನು ಬರಗಾಲದ ಅಧ್ಯಾಯಗಳು. ಬರ ಅಂದರೆ ಏನೆಂದು ರೋಣ, ಮುಂಡರಗಿ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅನಾರೆಸ್‌ನಲ್ಲಿ ಮಳೆ ಕೈಕೊಟ್ಟಾಗ ಕೆಲಸದ ಹಂಚಿಕೆ ಗಂಡ ಹೆಂಡತಿಯನ್ನು ಬೇರೆ ಬೇರೆ ದಿಕ್ಕಿಗೆ ಕಳಿಸುತ್ತದೆ. ಶೆವೆಕ್ ಮತ್ತು ತಾಕ್ವೆರ್ ನಾಲ್ಕು ವರ್ಷ ದೂರ ಇರುತ್ತಾರೆ, ಮಗಳು ಬೆಳೆದದ್ದನ್ನೇ ಅಪ್ಪ ನೋಡುವುದಿಲ್ಲ. ದುಡಿಮೆಗೆ ಹೊಟ್ಟೆಪಾಡಿಗೆ ಅಂತ ಊರು ಬಿಟ್ಟ ಮನೆಗಳ ಸಂಕಟ ಇದರಲ್ಲಿದೆ. ಸಮಾನತೆ ಅಂದರೆ ಇದ್ದದ್ದನ್ನು ಹಂಚಿಕೊಳ್ಳುವುದು ಮಾತ್ರ ಅಲ್ಲ, ಇಲ್ಲದ್ದನ್ನೂ ಹಂಚಿಕೊಳ್ಳಬೇಕು ಅನ್ನುವುದು ಈ ಭಾಗ ಓದಿದ ಮೇಲೆ ನನಗೆ ಮನಸ್ಸಿಗೆ ಇಳಿಯಿತು.

ಕೊರತೆ ಇಲ್ಲ ಅಂತ ಅಲ್ಲ. ಕಾಲದ ಸ್ವರೂಪದ ಬಗ್ಗೆ ಭೌತವಿಜ್ಞಾನದ ಚರ್ಚೆಗಳು ಉದ್ದವಾಗಿವೆ. ಅಧ್ಯಾಯಗಳು ಹಿಂದೆ ಮುಂದೆ ಜಿಗಿಯುವುದು ಮೊದಲ ಎಪ್ಪತ್ತು ಎಂಬತ್ತು ಪುಟ ಗೊಂದಲ ಮಾಡುತ್ತದೆ. ಊರಸ್‌ನ ಒಂದು ಪಾರ್ಟಿಯಲ್ಲಿ ಕುಡಿದ ಶೆವೆಕ್ ಒಬ್ಬ ಹೆಂಗಸಿನ ಮೇಲೆ ಬಲವಂತಕ್ಕೆ ಹೋಗುವ ದೃಶ್ಯವೂ ಇದೆ, ಮೊದಲೇ ಗೊತ್ತಿರಲಿ.

ಮಂಗಳ: ಜಗಳವಾಡುತ್ತ ಕಟ್ಟಿದ ಸಮಾಜ

ಕಿಮ್ ಸ್ಟ್ಯಾನ್ಲಿ ರಾಬಿನ್ಸನ್‌ನ ಮೂರು ಸಂಪುಟಗಳು, 'ರೆಡ್ ಮಾರ್ಸ್', 'ಗ್ರೀನ್ ಮಾರ್ಸ್', 'ಬ್ಲೂ ಮಾರ್ಸ್', ಬಂದದ್ದು 1992ರಿಂದ 1996ರ ನಡುವೆ. ಕಥೆಯಲ್ಲಿ 2026ರಲ್ಲಿ ನೂರು ಜನ ವಿಜ್ಞಾನಿಗಳು ಭೂಮಿಯಿಂದ ಹೊರಡುತ್ತಾರೆ. ಹಡಗು ಮಂಗಳ ಮುಟ್ಟುವ ಮೊದಲೇ ಜಗಳ ಶುರು. ಇಲ್ಲಿ ಸಿದ್ಧವಾದ ಆದರ್ಶ ಸಮಾಜ ಇಲ್ಲ. ಅದು ಕಟ್ಟಲ್ಪಡುವುದನ್ನು, ಕೆಡುವುದನ್ನು, ಮತ್ತೆ ಎದ್ದು ನಿಲ್ಲುವುದನ್ನು ತಲೆಮಾರುಗಳ ಉದ್ದಕ್ಕೆ ನೋಡುತ್ತೇವೆ. ಉಳಿದ ಎಲ್ಲ ಕಾದಂಬರಿಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಸಣ್ಣ ವಿವರಗಳಲ್ಲಿ ರಾಬಿನ್ಸನ್‌ಗೆ ಸಮ ಯಾರೂ ಇಲ್ಲ. ಮಂಗಳದ ದಿನ ನಮ್ಮ ದಿನಕ್ಕಿಂತ 39 ನಿಮಿಷ ಚಿಲ್ಲರೆ ಉದ್ದ. ಆ ಹೆಚ್ಚಿನ ಹೊತ್ತನ್ನು ಏನು ಮಾಡಬೇಕು? ಅವರು ಮಧ್ಯರಾತ್ರಿ ಗಡಿಯಾರ ನಿಲ್ಲಿಸಿಬಿಡುತ್ತಾರೆ. ಹನ್ನೆರಡು ಹೊಡೆದ ಮೇಲೆ ಸುಮಾರು ನಲವತ್ತು ನಿಮಿಷ ಯಾವ ಲೆಕ್ಕಕ್ಕೂ ಸೇರದ ಹೊತ್ತು, ಆಮೇಲೆ ಮತ್ತೆ ಗಡಿಯಾರ ಓಡುತ್ತದೆ. ನಾದಿಯಾ ಅನ್ನುವ ಸೈಬೀರಿಯಾದ ಎಂಜಿನಿಯರ್ ಇದ್ದಾಳೆ. ಪೈಪು, ವೆಲ್ಡಿಂಗ್, ಇಟ್ಟಿಗೆ, ಎಲ್ಲ ಅವಳ ಕೈಯಲ್ಲೇ. ಒಂದು ಬೆರಳನ್ನೂ ಕೆಲಸದಲ್ಲಿ ಕಳೆದುಕೊಳ್ಳುತ್ತಾಳೆ. ಉಳಿದವರು ತತ್ವ ಮಾತಾಡುವಾಗ ಇವಳು ಊರು ಕಟ್ಟುತ್ತಿರುತ್ತಾಳೆ. ಮುಂದೆ ದೊಡ್ಡ ಜವಾಬ್ದಾರಿಗಳು ಇವಳನ್ನೇ ಹುಡುಕಿಕೊಂಡು ಬರುವುದು ಎಷ್ಟು ಸರಿ ಅನಿಸುತ್ತದೆ. ಗಟಾರದ ಪ್ರಶ್ನೆಗೆ ಇವಳೇ ಉತ್ತರ.

ಒಪ್ಪದವರ ಪ್ರಶ್ನೆಗೆ ಈ ಮೂರೂ ಸಂಪುಟ ಉತ್ತರ. ಆ ನೂರು ಜನರಲ್ಲಿ ಸ್ಯಾಕ್ಸ್ ಅನ್ನುವ ವಿಜ್ಞಾನಿಗೆ ಮಂಗಳದಲ್ಲಿ ಗಾಳಿ, ನೀರು, ಗಿಡ ಬೇಕು. ಆನ್ ಅನ್ನುವ ಭೂವಿಜ್ಞಾನಿ ಹೆಣ್ಣುಮಗಳ ಪ್ರಕಾರ ಕೋಟ್ಯಂತರ ವರ್ಷಗಳಿಂದ ಹಾಗೇ ಇರುವ ಕಲ್ಲು ಬಂಡೆಗಳನ್ನು ಮುಟ್ಟಬಾರದು. ನಮ್ಮ ಲಾಭಕ್ಕೆ ಒಂದು ಇಡೀ ಗ್ರಹವನ್ನು ಬದಲಿಸಲು ನಮಗೆ ಯಾರು ಹಕ್ಕು ಕೊಟ್ಟರು ಅಂತ ಅವಳು ಕೇಳುತ್ತಾಳೆ. ಗದಗ ಜಿಲ್ಲೆಯವರು ಈ ವಾದವನ್ನು ಬೇರೆಯವರಿಗಿಂತ ಬೇಗ ಹಿಡಿಯುತ್ತಾರೆ ಅಂತ ನನ್ನ ನಂಬಿಕೆ. ಕಪ್ಪತಗುಡ್ಡದಲ್ಲಿ ಗಣಿಗಾರಿಕೆ ಬೇಡ ಅಂತ ನಡೆದ ಹೋರಾಟ, 2019ರಲ್ಲಿ ಅದು ವನ್ಯಜೀವಿಧಾಮ ಆದದ್ದು, ಇವೆಲ್ಲ ಕಣ್ಣ ಮುಂದೆ ನಡೆದಿವೆ. ಗುಡ್ಡ ಇರುವುದು ಯಾರಿಗಾಗಿ ಅನ್ನುವ ಪ್ರಶ್ನೆ ಅಲ್ಲಿಯೂ ಇತ್ತು, ಅಲ್ವಾ? ಆದರೆ ಕಪ್ಪತಗುಡ್ಡದಲ್ಲಿ ಔಷಧಿ ಗಿಡ ಇವೆ, ಪ್ರಾಣಿ ಇವೆ, ಬದುಕುವ ಜನ ಇದ್ದಾರೆ. ಆನ್ ಕಾಪಾಡಲು ಹೊರಟಿರುವುದು ಒಂದು ಹುಲ್ಲುಕಡ್ಡಿಯೂ ಇಲ್ಲದ ನೆಲವನ್ನು. ಅದಕ್ಕೂ ಹಕ್ಕಿದೆಯಾ? ಓದುತ್ತ ಓದುತ್ತ ನಾನು ಆನ್ ಕಡೆ ವಾಲಿದೆ. ನೀವು ಸ್ಯಾಕ್ಸ್ ಕಡೆ ವಾಲಬಹುದು.

ಮೊದಲ ದಂಗೆ 2061ರಲ್ಲಿ. ಮಂಗಳದಿಂದ ಆಕಾಶಕ್ಕೆ ಕಟ್ಟಿದ ಲಿಫ್ಟ್‌ನ ಕೇಬಲ್, 37,000 ಕಿಲೋಮೀಟರ್ ಉದ್ದದ್ದು, ಕಡಿದು ಬಿದ್ದು ಗ್ರಹದ ನಡುವಿಗೆ ಸುತ್ತಿಕೊಳ್ಳುತ್ತದೆ. ಆ ದಂಗೆ ಸೋಲುತ್ತದೆ. ಗೆದ್ದವರು ಭೂಮಿಯ ದೊಡ್ಡ ಕಂಪನಿಗಳು. ಮುಂದಿನ ಸಲ ಹೇಗೆ ಮಾಡಬೇಕು ಅಂತ ಉಳಿದವರು ವರ್ಷಗಟ್ಟಲೆ ಯೋಚಿಸುತ್ತಾರೆ. ಅದರ ಫಲ 'ಬ್ಲೂ ಮಾರ್ಸ್'ನಲ್ಲಿ ಬರುವ ಸಂವಿಧಾನ ಸಭೆ. ಶಾಸಕಾಂಗಕ್ಕೆ ಎರಡು ಮನೆ. ಒಂದಕ್ಕೆ ಊರುಗಳಿಂದ ಚುನಾವಣೆ, ಇನ್ನೊಂದಕ್ಕೆ ಜನಸಾಮಾನ್ಯರನ್ನು ಚೀಟಿ ಎತ್ತಿ ಆರಿಸುವುದು. ನೆಲ, ನೀರು, ಗಾಳಿಗೆ ಮಾಲೀಕರಿಲ್ಲ. ದುಡಿಯುವವರೇ ಒಡೆಯರಾಗಿರುವ ಸಹಕಾರ ಸಂಘಗಳು ಕೆಲಸ ನಡೆಸುತ್ತವೆ.

ಇದಕ್ಕೆ ರಾಬಿನ್ಸನ್ ನೆನಪಿಸುವ ಮಾದರಿ ಸ್ಪೇನ್‌ನ ಬಾಸ್ಕ್ ನಾಡಿನ ಮೊಂಡ್ರಾಗಾನ್ ಸಹಕಾರ ಸಂಘಗಳು. ಅವು ಶುರುವಾದದ್ದು 1956ರಲ್ಲಿ. ನಮ್ಮ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಕೃಷಿ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಮೊಂಡ್ರಾಗಾನ್ ಕಾರ್ಖಾನೆ ನಡೆಸುವವರ ಸಂಘ, ಕಣಗಿನಹಾಳದ್ದು ಸಾಲದ ಸಂಘ, ಎರಡೂ ಬೇರೆ ಬಗೆ, ನಿಜ. ಆದರೆ ಸಾಹುಕಾರನ ಬಡ್ಡಿಯಿಂದ ತಪ್ಪಿಸಿಕೊಳ್ಳಲು ನಾವೇ ಒಂದು ಕಟ್ಟಿಕೊಳ್ಳೋಣ ಅನ್ನುವ ಮನಸ್ಸಿನಿಂದ ಹುಟ್ಟಿದ ಸಂಸ್ಥೆಯನ್ನು ಮೂರು ತಲೆಮಾರು ನೋಡಿದ ಊರಿನವರು 'ಬ್ಲೂ ಮಾರ್ಸ್'ನ ಆ ಸಭೆಯ ಪುಟಗಳನ್ನು ಓದುವ ರೀತಿಯೇ ಬೇರೆ. ಸಂಘ ಕಟ್ಟುವುದು ಸುಲಭ, ಅದನ್ನು ಕೆಲವರ ಕೈಗೆ ಹೋಗದಂತೆ ಕಾಪಾಡುವುದು ಕಷ್ಟ. ರಾಬಿನ್ಸನ್ ಆ ಕಷ್ಟದ ಮೇಲೇ ಪುಟಗಟ್ಟಲೆ ಬರೆದಿದ್ದಾನೆ. ಅದಕ್ಕೇ ನನಗೆ ಅವನ ಮೇಲೆ ಪ್ರೀತಿ.

ತೊಂದರೆ ಅಂದರೆ ಉದ್ದ. ಬಂಡೆಗಳ ವರ್ಣನೆ ಮುಗಿಯುವುದೇ ಇಲ್ಲ. ಎರಡನೆಯ ಸಂಪುಟದ ನಡುವೆ ಹಲವರು ಕೈಬಿಡುತ್ತಾರೆ. 'ರೆಡ್ ಮಾರ್ಸ್' ಒಂದನ್ನೇ ಓದಿ ನಿಲ್ಲಿಸಿದರೂ ನಷ್ಟ ಇಲ್ಲ, ಅದು ತಾನೇ ಒಂದು ಪೂರ್ತಿ ಕಥೆ. ಆದರೆ ಸಂವಿಧಾನದ ಭಾಗ ಸಿಗಬೇಕಾದರೆ ಮೂರನೆಯದಕ್ಕೆ ಬರಲೇಬೇಕು.

ಶೋರಾ: ಕೈ ಎತ್ತದವರ ಸಮುದ್ರ

ಜೋನ್ ಸ್ಲೊನ್ಚೆವ್‌ಸ್ಕಿ ಬರೆದ 'ಎ ಡೋರ್ ಇಂಟು ಓಶನ್', 1986. ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ಜನ ಓದಿರುವ ಒಳ್ಳೆಯ ಪುಸ್ತಕ ಇದೇ ಅಂತ ನನಗೆ ಅನಿಸುತ್ತದೆ. ಲೇಖಕಿ ಸೂಕ್ಷ್ಮಜೀವಿ ವಿಜ್ಞಾನಿ, ಅದು ಪುಟ ಪುಟದಲ್ಲೂ ಕಾಣುತ್ತದೆ.

ಶೋರಾ ಪೂರ್ತಿ ನೀರೇ ಇರುವ ಚಂದ್ರ. ಅಲ್ಲಿ ಇರುವವರೆಲ್ಲ ಹೆಂಗಸರು. ನೀರಿನ ಮೇಲೆ ತೇಲುವ ದೊಡ್ಡ ಮರದ ತೆಪ್ಪಗಳ ಮೇಲೆ ಬದುಕು. ಬೆರಳುಗಳ ನಡುವೆ ಪೊರೆ. ಚರ್ಮದಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಆಮ್ಲಜನಕ ಕೂಡಿಟ್ಟುಕೊಡುತ್ತವೆ, ಅದರಿಂದ ಮೈ ನೇರಳೆ ಬಣ್ಣ, ಬಹಳ ಹೊತ್ತು ಮುಳುಗಿರಬಹುದು. ಪಕ್ಕದ ಗ್ರಹದಿಂದ ಬಂದ ಸ್ಪೈನಲ್ ಎಂಬ ಹುಡುಗನ ಮೈಯೂ ನೇರಳೆಗೆ ತಿರುಗತೊಡಗಿದಾಗ ಅವನಿಗಾಗುವ ಗಾಬರಿ ಬಹಳ ನಿಜವಾಗಿ ಬಂದಿದೆ. ಬೇರೆಯವರ ಬದುಕನ್ನು ಮೆಚ್ಚುವುದು ಒಂದು, ಅವರ ಹಾಗೇ ಆಗಿಬಿಡುವುದು ಇನ್ನೊಂದು.

ಅಲ್ಲಿ ದೊಡ್ಡವರಾಗುವಾಗ ಪ್ರತಿಯೊಬ್ಬರೂ ತಮ್ಮ ಹೆಸರಿಗೆ ಒಂದು ಸೇರ್ಪಡೆ ಆರಿಸಿಕೊಳ್ಳಬೇಕು, ಅದು ತಮ್ಮಲ್ಲಿರುವ ಅತಿ ಕೆಟ್ಟ ಗುಣ ಆಗಿರಬೇಕು. ಸಮಾಧಾನದ ಮೂರ್ತಿಯಂತಿರುವ ಮೆರ್ವೆನ್ ತನ್ನನ್ನು ತಾಳ್ಮೆಗೇಡಿ ಅಂತ ಕರೆದುಕೊಂಡಿದ್ದಾಳೆ. ಇನ್ನೊಬ್ಬಳು ತನ್ನನ್ನು ಮೋಸಗಾರ್ತಿ ಅಂತ. ಬಿರುದು ಬಾವಲಿ ತೂಗಿಹಾಕಿಕೊಳ್ಳುವ ಸಮಾಜಗಳ ನಡುವೆ ಇಂಥದ್ದೊಂದು ಪದ್ಧತಿ ಯೋಚಿಸಿದ್ದಕ್ಕೇ ಈ ಲೇಖಕಿಗೆ ಶರಣು ಅನ್ನಬೇಕು.

ಪಕ್ಕದ ಗ್ರಹದ ಸೈನ್ಯ ಬಂದು ಇಳಿಯುತ್ತದೆ. ಇವರು ಆಯುಧ ಎತ್ತುವುದಿಲ್ಲ. ಸೈನಿಕರ ಎದುರು ಬಂದು ಸುಮ್ನೆ ಕೂರುತ್ತಾರೆ. ಮಾತು ನಿಲ್ಲಿಸುತ್ತಾರೆ. ಹಿಡಿದು ಹಿಂಸೆ ಕೊಟ್ಟರೆ ಮೈ ಬಿಳಿಚಿಕೊಂಡು ಸಾವಿನ ಅಂಚಿನ ಒಂದು ಸ್ಥಿತಿಗೆ ತಾವಾಗಿ ಹೋಗುತ್ತಾರೆ, ಆಗ ಮುಟ್ಟಿದರೆ ಪ್ರಾಣವೇ ಹೋಗುತ್ತದೆ. ಹೆದರದವರನ್ನು ಆಳುವುದು ಹೇಗೆ ಅಂತ ಸೇನಾಪತಿಗೆ ತಿಳಿಯುವುದಿಲ್ಲ. ಹಾವೇರಿ ಕಡೆಯವರಿಗೆ ಮೈಲಾರ ಮಹಾದೇವಪ್ಪನವರ ಬದುಕು ಗೊತ್ತೇ ಇದೆ. ಮೋಟೆಬೆನ್ನೂರಿನವರು, 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದವರು. ಆಮೇಲೆ ಚಲೇಜಾವ್ ಕಾಲದಲ್ಲಿ ಹೋರಾಟದ ರೀತಿ ಬದಲಾಯಿತು, 1943ರಲ್ಲಿ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದರು. ಎಷ್ಟು ದಿನ ಸಹಿಸಬೇಕು ಅನ್ನುವ ಪ್ರಶ್ನೆ ಶೋರಾದ ಹೆಂಗಸರಲ್ಲೂ ಏಳುತ್ತದೆ. ಮಕ್ಕಳು ಸಾಯುತ್ತಿರುವಾಗ, ನಮ್ಮ ಜೀವವಿಜ್ಞಾನ ಬಳಸಿ ಶತ್ರುಗಳನ್ನು ಮುಗಿಸಿಬಿಡೋಣ ಅನ್ನುವ ದನಿ ಅವರೊಳಗೇ ಕೇಳುತ್ತದೆ. ಆ ಚರ್ಚೆಯ ಪುಟಗಳನ್ನು ಅವಸರದಲ್ಲಿ ಓದಬೇಡಿ.

ಒಪ್ಪದವರಿಗೆ ಇಲ್ಲಿ ಏನು ಶಿಕ್ಷೆ? ಮಾತು ಬಿಡುವುದು. ಊರೆಲ್ಲ ಮಾತು ಬಿಟ್ಟರೆ ಅದು ಸಣ್ಣ ಶಿಕ್ಷೆ ಅಲ್ಲ. ನಮ್ಮ ಹಳ್ಳಿಗಳಲ್ಲಿ ಬಹಿಷ್ಕಾರ ಯಾರ ಮೇಲೆ ಬಿದ್ದಿದೆ, ಯಾವ ಜಾತಿಯವರನ್ನು ಹಿಂಡಿದೆ ಅಂತ ಗೊತ್ತಿರುವ ನನಗೆ ಇದೊಂದು ಮಾತ್ರ ಪೂರ್ತಿ ಒಪ್ಪಿಗೆ ಆಗಲಿಲ್ಲ. ಪುಸ್ತಕದ ಆರಂಭ ಸ್ವಲ್ಪ ನಿಧಾನ. ನೂರು ಪುಟ ದಾಟಿದರೆ ಮತ್ತೆ ಕೆಳಗಿಡಲು ಆಗುವುದಿಲ್ಲ.

ಉಳಿದ ಮೂರು

'ರೆಡ್ ಸ್ಟಾರ್' ರಷ್ಯನ್ ಕಾದಂಬರಿ, 1908ರದ್ದು. ಬರೆದ ಅಲೆಕ್ಸಾಂಡರ್ ಬೊಗ್ದಾನೊವ್ ವೈದ್ಯ, ಬೊಲ್ಶೆವಿಕ್ ನಾಯಕ, ಒಂದು ಕಾಲಕ್ಕೆ ಲೆನಿನ್‌ಗೆ ಎದುರು ನಿಂತವನು. ಮಂಗಳದಲ್ಲಿ ಆಗಲೇ ಸಮತಾವಾದ ಬಂದಿದೆ. ಯಾವ ಕೆಲಸಕ್ಕೆ ಎಷ್ಟು ಜನ ಬೇಕು, ಎಲ್ಲಿ ಹೆಚ್ಚಾಗಿದ್ದಾರೆ ಅನ್ನುವ ಲೆಕ್ಕವನ್ನು ಫಲಕಗಳಲ್ಲಿ ತೋರಿಸುತ್ತಾರೆ, ಜನ ನೋಡಿ ತಾವೇ ಕೆಲಸ ಆರಿಸಿಕೊಳ್ಳುತ್ತಾರೆ. ಕಂಪ್ಯೂಟರ್ ಇನ್ನೂ ಹುಟ್ಟಿರದ ಕಾಲದಲ್ಲಿ ಬರೆದದ್ದು! ಆಯಸ್ಸು ಹೆಚ್ಚಲು ಒಬ್ಬರ ರಕ್ತವನ್ನು ಇನ್ನೊಬ್ಬರು ಪಡೆಯುತ್ತಾರೆ. ಬೊಗ್ದಾನೊವ್ ಇದನ್ನು ಕಥೆಗೆ ಬಿಡಲಿಲ್ಲ. ಮಾಸ್ಕೋದಲ್ಲಿ ರಕ್ತಪೂರಣದ ಸಂಸ್ಥೆ ಕಟ್ಟಿದ, 1928ರಲ್ಲಿ ಒಬ್ಬ ವಿದ್ಯಾರ್ಥಿಯ ಜೊತೆ ರಕ್ತ ಬದಲಿಸಿಕೊಂಡ ನಂತರ ತೀರಿಕೊಂಡ. ಕಾದಂಬರಿಯಾಗಿ ಇದು ಭಾಷಣದ ಹಾಗೆ, ಪಾತ್ರಗಳು ಬಂದು ವಿವರಿಸಿ ಹೋಗುತ್ತವೆ. ಆದರೆ ಕೊನೆಯ ಭಾಗ ಬೆಚ್ಚಿಬೀಳಿಸುತ್ತದೆ. ತಮ್ಮಲ್ಲಿ ಸಂಪನ್ಮೂಲ ಮುಗಿಯುತ್ತಿರುವಾಗ, ಭೂಮಿಯ ಜನರನ್ನು ಅಳಿಸಿ ಅಲ್ಲಿ ನೆಲೆಸೋಣ ಅಂತ ಆ ಒಳ್ಳೆಯ ಮಂಗಳದವರಲ್ಲೇ ಒಬ್ಬ ಲೆಕ್ಕ ಹಾಕಿ ವಾದಿಸುತ್ತಾನೆ. ತಮ್ಮೊಳಗೆ ಸಮಾನರಾಗಿರುವವರು ಹೊರಗಿನವರನ್ನು ಸಮಾನರು ಅಂತ ನೋಡುತ್ತಾರಾ? ಈ ಮೂರನೆಯ ಪ್ರಶ್ನೆಯನ್ನು ನನಗೆ ಕೊಟ್ಟದ್ದು ಈ ಪುಸ್ತಕ.

ಇಯಾನ್ ಬ್ಯಾಂಕ್ಸ್‌ನ 'ದಿ ಪ್ಲೇಯರ್ ಆಫ್ ಗೇಮ್ಸ್', 1988. ಇಲ್ಲಿಯ ಜನ ಹೆಚ್ಚಾಗಿ ಗ್ರಹಗಳಲ್ಲಿ ಇರುವುದಿಲ್ಲ, ಬಳೆಯಾಕಾರದ ಕೃತಕ ಲೋಕಗಳಲ್ಲಿ ಇರುತ್ತಾರೆ, ಆದರೂ ಪಟ್ಟಿಯಿಂದ ಬಿಡಲು ಮನಸ್ಸಾಗಲಿಲ್ಲ. ಯಾವುದಕ್ಕೂ ಕೊರತೆ ಇಲ್ಲ. ಗಟಾರ ಯಂತ್ರಗಳ ಪಾಲು, ಆಡಳಿತ ಮನುಷ್ಯರಿಗಿಂತ ಎಷ್ಟೋ ಬುದ್ಧಿವಂತ ಯಂತ್ರಗಳ ಪಾಲು. ಕೊಲೆ ಮಾಡಿದವನಿಗೂ ಜೈಲಿಲ್ಲ. ಮತ್ತೆ ಮಾಡದಂತೆ ಒಂದು ಯಂತ್ರ ಜೀವನಪೂರ್ತಿ ಅವನ ಬೆನ್ನಿಗಿರುತ್ತದೆ, ಪಾರ್ಟಿಗೆ ಯಾರೂ ಕರೆಯುವುದಿಲ್ಲ. ಎಲ್ಲ ಸಿಕ್ಕಿ ಬೇಜಾರಾದ ಒಬ್ಬ ಆಟಗಾರ, ಒಂದು ಆಟ ಗೆದ್ದವನೇ ಚಕ್ರವರ್ತಿಯಾಗುವ ಕ್ರೂರ ಸಾಮ್ರಾಜ್ಯಕ್ಕೆ ಹೋಗಿ ಆಡುತ್ತಾನೆ. ಓಟ ಅಂದರೆ ಓಟ, ಪುಟ ತಿರುಗಿದ್ದೇ ಗೊತ್ತಾಗುವುದಿಲ್ಲ. ಆದರೆ ಕಷ್ಟದ ಪ್ರಶ್ನೆಯನ್ನೆಲ್ಲ ಯಂತ್ರಕ್ಕೆ ಒಪ್ಪಿಸಿದ ಮೇಲೆ ಮನುಷ್ಯರ ಸಮಾಜದ ಬಗ್ಗೆ ಕಲಿಯುವುದು ಕಡಿಮೆ ಅನಿಸಿತು ನನಗೆ.

ಬೆಕಿ ಚೇಂಬರ್ಸ್‌ನ 'ಎ ಸಾಮ್ ಫಾರ್ ದಿ ವೈಲ್ಡ್-ಬಿಲ್ಟ್', 2021, ಎಲ್ಲಕ್ಕಿಂತ ಚಿಕ್ಕದು. ಪಾಂಗಾ ಎಂಬ ಚಂದ್ರನ ಮೇಲೆ ಜನ ಅರ್ಧ ನೆಲವನ್ನು ಕಾಡಿಗೆ ಬಿಟ್ಟುಕೊಟ್ಟಿದ್ದಾರೆ. ಊರೂರು ಸುತ್ತಿ ಚಹಾ ಕೊಟ್ಟು ಜನರ ಕಷ್ಟ ಕೇಳುವ ಸನ್ಯಾಸಿ, ಕಾಡಿನಲ್ಲಿ ಒಂದು ರೋಬೋಟ್, ಇಬ್ಬರ ಮಾತುಕತೆ. ರೋಬೋಟ್‌ನ ಪ್ರಶ್ನೆ ಒಂದೇ, ಜನರಿಗೆ ಏನು ಬೇಕು? ಜಗಳ ಇಲ್ಲ, ಶತ್ರು ಇಲ್ಲ. ಕೆಲವರಿಗೆ ಸಪ್ಪೆ ಅನಿಸಬಹುದು. ದಣಿದ ದಿನಗಳಲ್ಲಿ ಓದಲು ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಎದುರು ಬದುರು

ಅನಾರೆಸ್ ಮತ್ತು ಬ್ಯಾಂಕ್ಸ್‌ನ ಲೋಕ, ಎರಡರಲ್ಲೂ ದುಡ್ಡಿಲ್ಲ. ಒಂದರಲ್ಲಿ ಏನೂ ಇಲ್ಲದೆ ಹಂಚಿಕೊಳ್ಳುತ್ತಾರೆ, ಇನ್ನೊಂದರಲ್ಲಿ ಎಲ್ಲ ಇರುವುದರಿಂದ ಹಂಚುವ ಪ್ರಶ್ನೆಯೇ ಬರುವುದಿಲ್ಲ. ನನಗೆ ಮೊದಲನೆಯದೇ ಮುಖ್ಯ, ಯಾಕೆಂದರೆ ನಾವು ಬದುಕುತ್ತಿರುವುದು ಕೊರತೆಯ ನೆಲದಲ್ಲಿ. ಎರಡನೆಯದು ಬೇಡ ಅಂತಲ್ಲ, ಅದು ಆಮೇಲೆ.

ಮಂಗಳ ಮತ್ತು ಶೋರಾದ ವ್ಯತ್ಯಾಸ ಇನ್ನೂ ಆಳದ್ದು. ಮಂಗಳದಲ್ಲಿ ಮನುಷ್ಯರು ಗ್ರಹವನ್ನು ತಮಗೆ ತಕ್ಕಂತೆ ಬದಲಿಸುತ್ತಾರೆ. ಶೋರಾದವರು ತಮ್ಮ ಮೈಯನ್ನೇ ಸಮುದ್ರಕ್ಕೆ ತಕ್ಕಂತೆ ಬದಲಿಸಿಕೊಂಡಿದ್ದಾರೆ. ತೆಪ್ಪಗಳನ್ನೇ ನುಂಗುವ ದೈತ್ಯ ಜೀವಿಗಳನ್ನೂ ಅವರು ಕೊಲ್ಲುವುದಿಲ್ಲ, ಅವು ಇಲ್ಲದಿದ್ದರೆ ಸಮುದ್ರದ ಲೆಕ್ಕ ತಪ್ಪುತ್ತದೆ ಅಂತ ಅವರಿಗೆ ಗೊತ್ತು. ಈ ಎರಡು ಪುಸ್ತಕವನ್ನು ಒಂದರ ಹಿಂದೆ ಒಂದು ಓದಿದರೆ ಎರಡಕ್ಕೂ ಕಳೆ ಹೆಚ್ಚುತ್ತದೆ.

ಹಾಗಾದರೆ ಯಾರಿಗೆ ಯಾವುದು? ಒಂದೇ ಓದುತ್ತೇನೆ ಅನ್ನುವವರಿಗೆ ಎರಡನೆಯ ಮಾತಿಲ್ಲ, 'ದಿ ಡಿಸ್ಪೊಸೆಸ್ಡ್'. ಇಂಗ್ಲಿಷ್ ಕಾದಂಬರಿ ಓದುವ ರೂಢಿ ಕಡಿಮೆ ಇದ್ದವರು ಚೇಂಬರ್ಸ್‌ನ ಚಿಕ್ಕ ಪುಸ್ತಕದಿಂದ ಶುರು ಮಾಡಿ, ವಾಕ್ಯಗಳು ಸರಳ, ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಚಿಗರಿ ಬಸ್ಸಿನಲ್ಲಿ ಓಡಾಡುವವರಾದರೆ ಕೆಲವೇ ದಿನದಲ್ಲಿ ಮುಗಿಯುತ್ತದೆ. ಅಲ್ಲಿಂದ ಬ್ಯಾಂಕ್ಸ್, ಆಮೇಲೆ ಲೆ ಗ್ವಿನ್. ಸಂಘಟನೆ, ಸಹಕಾರ ಸಂಘ, ಪಂಚಾಯ್ತಿ, ಹೋರಾಟ ಇವುಗಳಲ್ಲಿ ಕೈ ಹಾಕಿದವರು ಉದ್ದಕ್ಕೆ ಹೆದರದೆ ರಾಬಿನ್ಸನ್ ಹಿಡಿಯಿರಿ, ನಿಮ್ಮ ಸಭೆಗಳಲ್ಲಿ ಕಂಡ ಮುಖಗಳೇ ಅಲ್ಲಿ ಸಿಗುತ್ತವೆ. ಜೀವವಿಜ್ಞಾನ ಓದುವವರಿಗೆ ಮತ್ತು ಗಾಂಧಿಯ ಬಗ್ಗೆ ಇನ್ನೂ ತೀರ್ಮಾನ ಮಾಡದವರಿಗೆ ಶೋರಾ. ಇತಿಹಾಸದ ವಿದ್ಯಾರ್ಥಿಗಳು 'ರೆಡ್ ಸ್ಟಾರ್' ಬಿಡಬೇಡಿ, ಉಳಿದವರು ಅದನ್ನು ಕೊನೆಗೆ ಇಟ್ಟುಕೊಳ್ಳಬಹುದು.

ಗೆಳೆಯರು ಸೇರಿ ಓದುವುದಾದರೆ ಆಯ್ಕೆ ಬೇರೆ. ಆಗ ನಾನು 'ಎ ಡೋರ್ ಇಂಟು ಓಶನ್' ಅನ್ನುತ್ತೇನೆ. ಅನಾರೆಸ್ ಬಗ್ಗೆ ಎಲ್ಲರೂ ಬೇಗ ಒಂದು ಮಾತಿಗೆ ಬಂದುಬಿಡುತ್ತಾರೆ. ಶೋರಾದ ಹೆಂಗಸರು ಕೈ ಎತ್ತಬೇಕಿತ್ತೋ ಬೇಡವೋ ಅನ್ನುವುದರಲ್ಲಿ ಮಾತ್ರ ನಾನು ಕೂತ ಯಾವ ಗುಂಪಿನಲ್ಲೂ ಒಮ್ಮತ ಆಗಿಲ್ಲ, ಸಾಧನಕೇರಿಯಲ್ಲಿ ಶುರುವಾದ ವಾದ ಬಸ್ ನಿಲ್ದಾಣದವರೆಗೂ ನಡೆದಿದೆ.